ಫ್ರೆಂಚ್ ಕಲಿತರೆ ಕನ್ನಡ ಹೋದೀತೆ?

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಭಾಷೆಗಳಿಗೇನೂ ಬರವಿಲ್ಲ. ಪಟಾನ್‌ಚೆರುವಿನ ನಮ್ಮ ಮನೆಯನ್ನೇ ನೋಡಿ. ಒಳಗೆ ರಾಯಚೂರಿನ ಕನ್ನಡ, ಅಂಗಡಿಯಲ್ಲಿ ತೆಲುಗು, ಆಟೋದವರೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟು ಸಾಲದೆಂಬಂತೆ ನಮ್ಮ ಮಗಳು ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಭಾಷೆ, ಸಂಸ್ಕೃತಿಗಳನ್ನು ಓದುತ್ತೇನೆಂದಾಗ ಅವಳ ಅಜ್ಜಿ ಕೇಳಿದರು: "ಜ್ವಾಳದ ರೊಟ್ಟಿ ತಿನ್ನೋ ಮಂದಿಗೆ ಆ ಭಾಷಾ ಯಾಕ ಬೇಕವ್ವಾ?"

ಇದಕ್ಕೆ ಉತ್ತರ ನಮ್ಮೂರಿನಲ್ಲೇ ಇದೆ. 1972ರಲ್ಲಿ ಇಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಸಂಶೋಧನೆ ನಡೆಸುವುದು ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೆಳೆಗಳ ಮೇಲೆಯೇ. ಅದರ ಕೆಲಸ ಪಶ್ಚಿಮ ಆಫ್ರಿಕದ ನೈಜರ್, ಮಾಲಿ ದೇಶಗಳಿಗೂ ಹಬ್ಬಿದೆ. ಒಂದು ಕಾಲಕ್ಕೆ ಫ್ರೆಂಚರು ಆಳಿದ ಆ ನಾಡುಗಳಲ್ಲಿಯೂ ಬಡವರ ಹೊಟ್ಟೆ ತುಂಬಿಸುವುದು ಸಜ್ಜೆ, ಜೋಳಗಳೇ. ಫ್ರೆಂಚ್ ಎಂದರೆ ಪ್ಯಾರಿಸ್ಸಿನ ಅತ್ತರು ಮಾತ್ರವಲ್ಲ ಎಂದು ಅಜ್ಜಿಗೆ ತಿಳಿಹೇಳಿದೆವು.

ಮಗಳು ಸೇರಿದ್ದು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. 1958ರಲ್ಲಿ ಇಂಗ್ಲಿಷ್ ಬೋಧನೆಯ ಕೇಂದ್ರವಾಗಿ ಆರಂಭವಾದ ಈ ಸಂಸ್ಥೆ 2007ರಲ್ಲಿ ವಿಶ್ವವಿದ್ಯಾಲಯವಾಯಿತು. ಊರಿನ ಈ ತುದಿಯಿಂದ ಆ ತುದಿಗೆ ದಿನವೂ ಪ್ರಯಾಣ. ಆರಂಭದ ಪಾಠಗಳು ಅವಳಿಗೆ ಸುಲಭವೆನಿಸಿದವು. ಫ್ರೆಂಚಿನ 'ತ್ಯು' ಮತ್ತು 'ವೂ' ನಮ್ಮ 'ನೀನು', 'ನೀವು'ಗಳೇ ತಾನೆ? ಇಂಗ್ಲಿಷಿನಲ್ಲಿ ಈ ಮರ್ಯಾದೆಯ ಭೇದವೆಲ್ಲಿ! ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬಲ್ಲಿ ಮಾತ್ರ ಅವಳು ತಲೆ ಚಚ್ಚಿಕೊಂಡಳು.

ನಿಜವಾದ ತೊಡಕು ಬೇರೆ ಕಡೆ ಕಾದಿತ್ತು. ಒಂದು ಸಣ್ಣ ಫ್ರೆಂಚ್ ಗದ್ಯವನ್ನು ಅವರವರ ಮಾತೃಭಾಷೆಗೆ ಅನುವಾದಿಸಿ ತರಬೇಕೆಂದು ತರಗತಿಯಲ್ಲಿ ಹೇಳಿದರು. ಮಗಳು ಕನ್ನಡದಲ್ಲಿ ಬಾಯಿತುಂಬ ಮಾತಾಡುತ್ತಾಳೆ, ಬರೆಯಲು ಬಾರದು. ಫ್ರೆಂಚ್ ಬರುತ್ತದೆ, ಅಕ್ಷರ ಬಾರದ ಭಾಷೆ ನಮ್ಮದೇ! ಅಂದು ರಾತ್ರಿ ಅವಳು ಹೇಳಿದಂತೆ ನಾವು ಬರೆದುಕೊಟ್ಟೆವು. ಅವಳಿಗೆ ಅದು ಸಮಾಧಾನವಾಗಲಿಲ್ಲ. ಮರುದಿನವೇ ಅಜ್ಜಿಯ ಮುಂದೆ ಕುಳಿತು ಅ, ಆ ಆರಂಭಿಸಿದಳು.

ನಮ್ಮ ಹೈದರಾಬಾದಿನಿಂದಲೇ ಹೀಗೆ ಫ್ರೆಂಚ್ ಓದಲು ಹೋದ ಕನ್ನಡಿಗರೊಬ್ಬರಿದ್ದರು. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರ ತಂದೆ ಇಲ್ಲಿಯ ನಿಜಾಮ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು. ಮಗ ಅದೇ ಕಾಲೇಜಿನಲ್ಲಿ ಓದಿ, 1929ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ವಿಶ್ವವಿದ್ಯಾಲಯಕ್ಕೆ ಫ್ರೆಂಚ್ ಭಾಷಾಸಾಹಿತ್ಯದ ಅಭ್ಯಾಸಕ್ಕೆ ತೆರಳಿದರು. ಅಷ್ಟು ದೂರ ಹೋದವರು 1930ರ ದಶಕದ ಆರಂಭದಲ್ಲಿ 'ಜಯ ಕರ್ನಾಟಕ' ಪತ್ರಿಕೆಗೆ ಕನ್ನಡದಲ್ಲಿ ಲೇಖನ ಬರೆದರು. ಫ್ರಾನ್ಸಿನಲ್ಲಿದ್ದು ಇಂಗ್ಲಿಷಿನಲ್ಲಿ ಬರೆದ ಅವರ 'ಕಾಂತಾಪುರ' ಕಾದಂಬರಿ (1938) ಹಳ್ಳಿಯ ಮುದುಕಿಯೊಬ್ಬಳು ಹೇಳುವ ಕಥೆ. ಪರಭಾಷೆ ಅವರಿಂದ ಮನೆಮಾತನ್ನು ಕಿತ್ತುಕೊಳ್ಳಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಅಜ್ಜಿ ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕವೊಂದು ನಮ್ಮ ಪೆಟ್ಟಿಗೆಯಲ್ಲಿದೆ. ನಮ್ಮ ನಂತರ ಅದನ್ನು ಓದುವವರಾರು ಎಂಬ ಚಿಂತೆ ನಮ್ಮನ್ನು ಬಹಳ ದಿನ ಕಾಡಿತ್ತು. ಈಗ ಮಗಳು ಒತ್ತಕ್ಷರಗಳಲ್ಲಿ ಎಡವುತ್ತ, ಒಂದೊಂದೇ ಹಾಡು ಓದುತ್ತಿದ್ದಾಳೆ. ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮಕ್ಕಳು ಫ್ರೆಂಚನ್ನೋ ಜರ್ಮನ್ನನ್ನೋ ಕೇಳಿದರೆ ಸಂತೋಷದಿಂದ ಕಳಿಸಿ. ಜೊತೆಗೆ ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಕನ್ನಡದ ಅಕ್ಷರಗಳನ್ನೂ ತಿದ್ದಿಸಿ.