ಮಾತು ಕೊಡಬಹುದಾದಷ್ಟೇ: ಯೋಗ ಶಿಕ್ಷಕಿಯೊಬ್ಬರ ದಿನಚರಿಯ ಪುಟಗಳು

24 ಮಾರ್ಚ್ 2020, ಮಂಗಳವಾರ, ಮೈಸೂರು

ರಾತ್ರಿ ಎಂಟಕ್ಕೆ ಪ್ರಧಾನಿ ಮಾತಾಡಿದರು. ಮಧ್ಯರಾತ್ರಿಯಿಂದ 21 ದಿನ ಇಡೀ ದೇಶ ಬಂದ್. ನಾಳೆ ಯುಗಾದಿ. ಅಮ್ಮ ಟಿ.ವಿ. ಮುಂದೆ ಕೂತು ಬೇವಿನ ಹೂ ಬಿಡಿಸುತ್ತಿದ್ದರು. ಭಾಷಣ ಮುಗಿದ ಮೇಲೂ ಕೈ ನಿಲ್ಲಿಸಲಿಲ್ಲ. "ಹೋಳಿಗೆಗೆ ಬೇಳೆ ಇದೆ, ಬೆಲ್ಲ ಇದೆ. ಮಿಕ್ಕಿದ್ದು ಆಮೇಲೆ ನೋಡೋಣ" ಅಂದರು.

ಕುವೆಂಪುನಗರದ ಹಾಲ್‌ಗೆ ಬೀಗ ಹಾಕಿ ಆಗಲೇ ವಾರದ ಮೇಲಾಯಿತು. ಗೋಕುಲಂನಲ್ಲಿ ನನ್ನ ಹತ್ತಿರ ಪ್ರಾಣಾಯಾಮ ಕಲಿಯುತ್ತಿದ್ದ ಇಬ್ಬರು ವಿದೇಶಿ ಹೆಣ್ಣುಮಕ್ಕಳು, 22ರಿಂದ ವಿಮಾನ ಇಳಿಯಲ್ಲ ಅಂತ ಸುದ್ದಿ ಬಂದ ತಕ್ಷಣ ಹೊರಟುಬಿಟ್ಟರು. ಒಬ್ಬಳು ತನ್ನ ಮ್ಯಾಟು, ಮರದ ಬ್ಲಾಕು ಎರಡನ್ನೂ ನಮ್ಮ ಗೇಟಿನ ಒಳಗಿಟ್ಟು ಹೋಗಿದ್ದಾಳೆ.

ತಮ್ಮ ಬೆಂಗಳೂರಿನಿಂದ ಫೋನ್ ಮಾಡಿದ್ದ. "ನಮಗೆ ಮನೆಯಿಂದಲೇ ಕೆಲಸ ಮಾಡಿ ಅಂದಿದಾರೆ ಅಕ್ಕ, ನಿಂಗೇನು?" ನನಗೆ ಹಾಗೆ ಹೇಳುವವರು ಯಾರೂ ಇಲ್ಲ. ಮೂರು ಬ್ಯಾಚು ನಡೆದರೆ ಬಾಡಿಗೆ, ಅಮ್ಮನ ಮಾತ್ರೆ, ಸ್ಕೂಟರಿನ ಕಂತು. ನಡೆಯದಿದ್ದರೆ ಯಾವುದೂ ಇಲ್ಲ.

29 ಮಾರ್ಚ್, ಭಾನುವಾರ

ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಸೋಂಕು ಕಂಡ ಸುದ್ದಿ ಬಂದಾಗಿನಿಂದ ಊರಿನವರಿಗೆ ಭಯ ಹೊಕ್ಕಿದೆ. ಬೆಳಿಗ್ಗೆಯಿಂದ ಫೋನು ಕೆಳಗಿಡಲು ಆಗಿಲ್ಲ. ಎಲ್ಲರದೂ ಒಂದೇ ವಾಟ್ಸ್ಆ್ಯಪ್ ಮೆಸೇಜು: ಹತ್ತು ಸೆಕೆಂಡ್ ಉಸಿರು ಬಿಗಿಹಿಡಿಯಿರಿ, ಕೆಮ್ಮು ಬರದಿದ್ದರೆ ನಿಮಗೆ ಕೊರೊನಾ ಇಲ್ಲ.

ಬೆಳಗಿನ ಬ್ಯಾಚಿನ ಮೇಷ್ಟ್ರಿಗೆ ವಯಸ್ಸು ಎಪ್ಪತ್ತು ದಾಟಿದೆ. "ಏನಮ್ಮಾ, ನಾನು ನಲವತ್ತು ಎಣಿಸುವ ತನಕ ಹಿಡಿದೆ. ನೀನು ಕಲಿಸಿದ ಕುಂಭಕ ನೋಡು!" ಅಂದರು. ದನಿಯಲ್ಲಿ ಹೆಮ್ಮೆ ತುಂಬಿತ್ತು. ಅವರಿಗೆ ರಕ್ತದೊತ್ತಡ ಇದೆ. ಕುಂಭಕ ಬೇಡ, ಬರೀ ನಿಧಾನವಾಗಿ ತಗೊಂಡು ನಿಧಾನವಾಗಿ ಬಿಡಿ ಅಂತ ಮೊದಲಿಂದಲೂ ಹೇಳುತ್ತಾ ಬಂದಿದ್ದೇನೆ. ಇವತ್ತು ಮತ್ತೆ ಹೇಳಿದೆ. "ಮೇಷ್ಟ್ರೇ, ಅದು ರೋಗದ ಪರೀಕ್ಷೆ ಅಲ್ಲ. ಸೋಂಕು ಇರುವ ಹುಡುಗರೂ ಒಂದು ನಿಮಿಷ ಹಿಡಿಯಬಹುದು. ಸೋಂಕೇ ಇಲ್ಲದ ಅಸ್ತಮಾದವರಿಗೆ ಐದು ಸೆಕೆಂಡೂ ಆಗದೇ ಇರಬಹುದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಇದು ಬರದಂಗೆ ಏನು ಮಾಡಬೇಕು ಹೇಳು."

ಮನೆಯಲ್ಲೇ ಇರಿ, ಕೈ ತೊಳೀರಿ ಅಂದೆ. ಅವರಿಗೆ ಬೇಕಾಗಿದ್ದ ಉತ್ತರ ಅದಲ್ಲ. ಇಷ್ಟು ವರ್ಷ ನನ್ನ ಮುಂದೆ ಕಣ್ಣು ಮುಚ್ಚಿ ಕೂತವರು ಈಗ ನನ್ನಿಂದ ಒಂದು ಭರವಸೆ ಕೇಳುತ್ತಿದ್ದಾರೆ, ನಾನು ಅದನ್ನು ಕೊಡಲಾರೆ. ರಾತ್ರಿಯೆಲ್ಲಾ ಅದೇ ಯೋಚನೆ.

14 ಏಪ್ರಿಲ್, ಮಂಗಳವಾರ

ಲಾಕ್‌ಡೌನ್ ಮೇ 3ರವರೆಗೆ ಮುಂದಕ್ಕೆ ಹೋಯಿತು. ಜೂಮ್‌ನಲ್ಲಿ ಕ್ಲಾಸು ಶುರು ಮಾಡಿದ್ದೇನೆ.

ಉಚಿತ ಖಾತೆಯಲ್ಲಿ 40 ನಿಮಿಷ ಸಿಗುತ್ತದೆ, ಅದರೊಳಗೇ ಶವಾಸನವೂ ಮುಗಿಯಬೇಕು. ಅದಕ್ಕಿಂತ ಕಷ್ಟದ್ದು ಉಸಿರು. ಹಾಲಿನಲ್ಲಿ ಸಾಲುಗಳ ಮಧ್ಯೆ ನಡೆಯುವಾಗ ಯಾರ ಉಸಿರು ಕಟ್ಟಿದೆ, ಯಾರ ಭುಜ ಕಿವಿಗೆ ಏರಿದೆ ಅಂತ ನೋಡುವ ಮೊದಲೇ ಗೊತ್ತಾಗುತ್ತಿತ್ತು. ಇಲ್ಲಿ ಅಂಗೈಯಗಲದ ಚೌಕಗಳಲ್ಲಿ ತಲೆ, ಫ್ಯಾನು, ಸೀರೆಯ ಸೆರಗು ಬಿಟ್ಟರೆ ಏನೂ ಕಾಣುವುದಿಲ್ಲ. ಭ್ರಾಮರಿ ಮಾಡಿಸಿದರೆ ಆ ದನಿಯನ್ನು ಫೋನು ಗದ್ದಲ ಎಂದು ತಿಳಿದು ನುಂಗಿಬಿಡುತ್ತದೆ. ಎಲ್ಲರ ಬಾಯಿಯೂ ಮುಚ್ಚಿದೆ, ಸದ್ದೇ ಇಲ್ಲ.

ಇವತ್ತು ಒಂದು ದಾರಿ ಹೊಳೆಯಿತು. ಫೋನನ್ನು ನೆಲದ ಮೇಲೆ ಪಕ್ಕಕ್ಕೆ ಒರಗಿಸಿ, ಅಂಗಾತ ಮಲಗಿ, ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟುಕೊಳ್ಳಿ ಅಂದೆ. ಪುಸ್ತಕ ಏರುವುದು ಇಳಿಯುವುದು ಕಂಡಿತು. ಬ್ಯಾಂಕಿನ ಮೇಡಂ ಇಟ್ಟುಕೊಂಡ ಪಂಚಾಂಗ ಬಡಬಡ ಏರಿಳಿಯುತ್ತಿತ್ತು. ಹೆಸರು ಹಿಡಿದು ಕರೆದೆ, "ಬಿಡುವಾಗ ಅವಸರ ಬೇಡ" ಅಂದೆ. ಆರೇಳು ಉಸಿರಾದ ಮೇಲೆ ಪಂಚಾಂಗ ತಗ್ಗಿತು. ಇಷ್ಟು ದಿನದಲ್ಲಿ ನಾನು ಕಲಿಸಿದೆ ಅನ್ನಿಸಿದ್ದು ಇವತ್ತೇ.

6 ಮೇ, ಬುಧವಾರ

ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದ್ದಾರೆ. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಟ್ಯಾಕ್ಸಿ ಓಡಿಸುವವರಿಗೆ ತಲಾ 5,000. ಸಿಗಬೇಕಾದವರಿಗೇ ಸಿಕ್ಕಿದೆ. ನಮ್ಮಂಥವರು ಯಾವ ಪಟ್ಟಿಯಲ್ಲೂ ಇಲ್ಲ. ಸ್ಕೂಟರಿನ ಕಂತು ಮೂರು ತಿಂಗಳು ತಡೆಯಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಸಂಜೆ ಬ್ಯಾಚಿನ ಒಬ್ಬರು, "ಆನ್‌ಲೈನ್ ತಾನೆ ಮಿಸ್, ಅದಕ್ಕೂ ಫೀಸಾ? ಯೋಗ ಅಂದ್ರೆ ಸೇವೆ ಅಲ್ವಾ?" ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ ಮಾತು ನನಗೆ ಒಪ್ಪಿಗೆಯಿಲ್ಲ. ಕೃಷ್ಣಮಾಚಾರ್ಯರು 1933ರಿಂದ ಜಗನ್ಮೋಹನ ಅರಮನೆಯಲ್ಲಿ ಪಾಠ ಹೇಳಿದ್ದು ನಾಲ್ವಡಿಯವರ ಆಶ್ರಯದಲ್ಲಿ. 'ಯೋಗ ಮಕರಂದ'ವನ್ನು ಕನ್ನಡದಲ್ಲಿ ಬರೆದದ್ದೂ ಆ ನೆರಳಿನಲ್ಲೇ. ಅರಮನೆಯ ಕೈ ಬತ್ತಿದಾಗ 1950ರಲ್ಲಿ ಆ ಶಾಲೆ ಮುಚ್ಚಿತು. ಅಷ್ಟು ದೊಡ್ಡ ಆಚಾರ್ಯರ ಶಾಲೆಯೇ ಅನ್ನ ಹಾಕುವ ಕೈಯಿಲ್ಲದೆ ನಡೆಯಲಿಲ್ಲ. ಕೊಡಲಾಗದವರಿಂದ ನಾನು ತಗೊಳ್ಳುವುದಿಲ್ಲ, ಕೊಡಬಲ್ಲವರ ಹತ್ತಿರ ಕೇಳಲು ನಾಚುವುದೂ ಇಲ್ಲ. ಹಾಗೆಂದೇ ಅವರಿಗೆ ಹೇಳಿದೆ. ಅರ್ಧ ಫೀಸು ಕಳಿಸಿದರು.

15 ಮೇ, ಶುಕ್ರವಾರ

ಜಿಲ್ಲೆಯ 90 ಮಂದಿ ಸೋಂಕಿತರಲ್ಲಿ ಕೊನೆಯವರೂ ಮನೆಗೆ ಹೋದರಂತೆ. ಅಮ್ಮ ಚಾಮುಂಡಿಬೆಟ್ಟದ ಕಡೆ ತಿರುಗಿ ಕೈಮುಗಿದರು.

21 ಜೂನ್, ಭಾನುವಾರ

ಯೋಗ ದಿನ, ಸೂರ್ಯಗ್ರಹಣ ಎರಡೂ ಒಂದೇ ದಿನ. ಹಿಂದೆ ಈ ಹೊತ್ತಿಗೆ ರೇಸ್‌ಕೋರ್ಸ್ ಮೈದಾನದಲ್ಲಿ ಸಾವಿರಾರು ಜನ ಇರುತ್ತಿದ್ದರು, ಕತ್ತಲಿರುವಾಗಲೇ ಬಸ್ಸು ಹಿಡಿದು ಬರುವ ಶಾಲೆಯ ಮಕ್ಕಳೂ ಸೇರಿ. ಈ ಸಲ ಮನೆಯಲ್ಲೇ, ಮನೆಯವರ ಜೊತೆ ಮಾಡಿ ಅಂತ ಆಯುಷ್ ಸಚಿವಾಲಯ ಹೇಳಿತ್ತು. ಗ್ರಹಣ ಹಿಡಿಯುವುದು ಹತ್ತರ ಮೇಲೆ. ಅದಕ್ಕೇ ಆರಕ್ಕೆ ಶುರು ಮಾಡಿ ಏಳಕ್ಕೆ ಮುಗಿಸಿದೆ, ಎಲ್ಲರಿಗೂ ತಿಂಡಿ ತಿಂದುಕೊಳ್ಳಲು ಹೊತ್ತು ಸಿಗಲಿ ಅಂತ. ಬ್ಯಾಂಕಿನ ಮೇಡಂ ಅವರ ಅತ್ತೆ ಸೊಸೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೈ ಎತ್ತಿದರು. ಅವರು ಯಾವತ್ತೂ ಹಾಲ್‌ಗೆ ಬಂದವರೇ ಅಲ್ಲ.

12 ಜುಲೈ, ಭಾನುವಾರ

ಬೆಂಗಳೂರಿನ ಒಂದು ಕಂಪನಿಯವರು ಎರಡನೇ ಸಲ ಫೋನ್ ಮಾಡಿದರು. 21 ದಿನದ ವಿಡಿಯೊ ಕೋರ್ಸು, ಕನ್ನಡದಲ್ಲಿ ನಾನು ಹೇಳಿಕೊಡಬೇಕು. ಒಂದೇ ಕಂತಿನಲ್ಲಿ ಕೊಡುವ ದುಡ್ಡು ಹಾಲಿನ ಆರು ತಿಂಗಳ ಬಾಡಿಗೆಗೆ ಸಾಕು. ಪೋಸ್ಟರಿನ ಮಾದರಿಯನ್ನೂ ಕಳಿಸಿದ್ದರು: ನನ್ನ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ 'ಈ ಪ್ರಾಣಾಯಾಮ ಮಾಡಿದವರ ಹತ್ತಿರ ಕೊರೊನಾ ಸುಳಿಯದು.'

ಆ ಸಾಲು ತೆಗೆದರೆ ಬರುತ್ತೇನೆ ಅಂದೆ. ಆ ಸಾಲಿಲ್ಲದಿದ್ದರೆ ಜನ ಕೊಳ್ಳುವುದಿಲ್ಲ ಮೇಡಂ, ಎಲ್ಲರೂ ಹೀಗೇ ಹಾಕ್ತಾರೆ ಅಂದರು. ಹಾಗಾದರೆ ಬೇಡ ಅಂದೆ.

ಅಮ್ಮನಿಗೆ ಹೇಳಿದಾಗ ಅವರು ಬೇಳೆ ಆರಿಸುತ್ತಿದ್ದರು. ಬಾಡಿಗೆ ಬಾಕಿ ಇರುವುದು ಅವರಿಗೂ ಗೊತ್ತು. "ಸುಳಿಯಲ್ಲ ಅಂತ ನಿಂಗೆ ಗೊತ್ತಾ?" ಅಂದರು. ಇಲ್ಲ ಅಂದೆ. "ಮತ್ತೆ?" ಅಂದರು, ಅಷ್ಟೇ.

ಯೋಗದಿಂದ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ನಿದ್ದೆ ಬಾರದವರಿಗೆ ನಿದ್ದೆ ಬಂದಿದ್ದನ್ನು ನೋಡಿದ್ದೇನೆ. ಸೊಂಟ ನೋವೆಂದು ಬಗ್ಗಲಾರದವರು ಮೊಮ್ಮಗುವನ್ನು ಎತ್ತಿಕೊಂಡಿದ್ದನ್ನು ನೋಡಿದ್ದೇನೆ. ಗಾಬರಿಯಾದವರ ಎದೆಬಡಿತ, ಬಿಡುವ ಉಸಿರನ್ನು ಉದ್ದ ಮಾಡಿದಾಗ ಹದಕ್ಕೆ ಬರುತ್ತದೆ. ಇಷ್ಟನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ವೈರಸ್ ಮೂಗಿನೊಳಗೆ ಹೋಗದಂತೆ ಅನುಲೋಮ ವಿಲೋಮ ತಡೆಯುತ್ತದೆ ಅಂತ ಹೇಳಲಾರೆ. ಆ ಮಾತು ನಂಬಿ ಮೇಷ್ಟ್ರು ಮಾಸ್ಕಿಲ್ಲದೆ ಮಾರ್ಕೆಟ್ಟಿಗೆ ಹೋದರೆ?

5 ಆಗಸ್ಟ್, ಬುಧವಾರ

ಇವತ್ತಿನಿಂದ ಯೋಗ ಕೇಂದ್ರಗಳನ್ನು ತೆರೆಯಬಹುದು. ಕೇಂದ್ರದ ಮಾರ್ಗಸೂಚಿ ಪ್ರಕಾರ ಒಬ್ಬರಿಗೆ 4 ಚದರ ಮೀಟರ್ ಜಾಗ, ಆರಡಿ ಅಂತರ. ಜಲನೇತಿಯಂಥ ಕ್ರಿಯೆಗಳು ಸದ್ಯಕ್ಕೆ ಬೇಡ, ನಗೆಯೋಗವೂ ಬೇಡ. ಟೇಪು ಹಿಡಿದು ಹಾಲನ್ನು ಅಳೆದೆ. ಉದ್ದ 30 ಅಡಿ, ಅಗಲ 18. ಮ್ಯಾಟಿನ ಅಂಚಿನಿಂದ ಅಂಚಿಗೆ ಆರಡಿ ಬಿಟ್ಟು ಚಾಕ್‌ಪೀಸಿನಲ್ಲಿ ಗುರುತು ಹಾಕಿದರೆ ಎಂಟೇ ಮ್ಯಾಟು. ಮೊದಲು ಇಪ್ಪತ್ತು ಹಿಡಿಯುತ್ತಿತ್ತು. ಬಂದವರು ಇಬ್ಬರು.

13 ಸೆಪ್ಟೆಂಬರ್, ಭಾನುವಾರ

ಹಾಲ್ ಬಿಟ್ಟುಕೊಟ್ಟೆ. ಓನರ್ ಒಳ್ಳೆಯವರು, ಎರಡು ತಿಂಗಳು ಅರ್ಧ ಬಾಡಿಗೆಯೇ ತಗೊಂಡಿದ್ದರು. ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಂಡು ಉಳಿದದ್ದನ್ನು ಕೈಗಿಟ್ಟರು. ಜಮಖಾನ, ಮ್ಯಾಟು, ಗೋಡೆಯ ಪತಂಜಲಿಯ ಪಟ ಎಲ್ಲವೂ ಆಟೊದಲ್ಲಿ ಮನೆಗೆ ಬಂತು. ಇನ್ನು ಮುಂದೆ ನಮ್ಮ ತಾರಸಿಯಲ್ಲಿ, ಬೆಳಿಗ್ಗೆ ಆರಕ್ಕೆ, ನಾಲ್ಕು ಜನಕ್ಕೆ. ಹೆಚ್ಚು ಬರೆಯಲು ಮನಸ್ಸಿಲ್ಲ.

26 ಅಕ್ಟೋಬರ್, ಸೋಮವಾರ

ಜಂಬೂಸವಾರಿ ಅರಮನೆಯ ಆವರಣದಲ್ಲೇ ಮುಗಿಯಿತು. ಅಭಿಮನ್ಯು ಮೊದಲ ಸಲ ಚಿನ್ನದ ಅಂಬಾರಿ ಹೊತ್ತ. ನಾವು ಟಿ.ವಿ.ಯಲ್ಲಿ ನೋಡಿದೆವು. ಸಯ್ಯಾಜಿರಾವ್ ರಸ್ತೆ ದಸರೆಯ ದಿನ ಖಾಲಿ ಇದ್ದದ್ದು ನನಗಂತೂ ನೆನಪಿಲ್ಲ.

14 ಡಿಸೆಂಬರ್, ಸೋಮವಾರ

ಬಿ.ಕೆ.ಎಸ್. ಅಯ್ಯಂಗಾರರು ಹುಟ್ಟಿದ ದಿನ. ಕ್ಲಾಸು ಮುಗಿದ ಮೇಲೆ ತಾರಸಿಯಲ್ಲಿ ಅವರ ವಿಷಯ ಹೇಳಿದೆ. 1918ರ ಡಿಸೆಂಬರ್, ಇನ್‌ಫ್ಲುಯೆಂಜ ಜಗತ್ತನ್ನೆಲ್ಲ ಆವರಿಸಿದ್ದ ಕಾಲ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ, ಅದೇ ಜ್ವರದಲ್ಲಿ ಮಲಗಿದ್ದ ತಾಯಿಗೆ ಹುಟ್ಟಿದ ಕೂಸು ಅವರು. ಆಮೇಲೆ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡರು. ಕಡ್ಡಿಯಂಥ ಹುಡುಗ 1934ರಲ್ಲಿ ಮೈಸೂರಿಗೆ, ಅಕ್ಕ ನಾಮಗಿರಿಯಮ್ಮನ ಮನೆಗೆ ಬಂದ. ಭಾವ ಕೃಷ್ಣಮಾಚಾರ್ಯರು ಆಸನ ಕಲಿಸಿದರು. ಬದುಕಿದ್ದು 95 ವರ್ಷ.

ಕೇಳುತ್ತಿದ್ದ ಒಬ್ಬರು, "ನೋಡಿ, ಯೋಗ ಎಲ್ಲಾ ರೋಗ ಓಡಿಸ್ತು" ಅಂದರು. ಒಂದು ದಿನಕ್ಕೆ ಓಡಿಸಿದ್ದಲ್ಲ ಅಂದೆ. ಕುಗ್ಗಿದ್ದ ಶರೀರವನ್ನು ವರ್ಷಗಟ್ಟಲೆ ದಿನವೂ ದುಡಿಸಿ ಎತ್ತಿ ನಿಲ್ಲಿಸಿದವರು ಅವರು. ಕೈಲಾಗದವರಿಗೆ ಹಗ್ಗ, ಕುರ್ಚಿ, ದಿಂಬು, ಮರದ ಇಟ್ಟಿಗೆ ಕೊಟ್ಟು ಆಸನವನ್ನೇ ಮನುಷ್ಯನ ಅಳತೆಗೆ ತಂದರು. ನನಗೆ ಅವರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದು.

9 ಮಾರ್ಚ್ 2021, ಮಂಗಳವಾರ

ಅಮ್ಮನಿಗೆ ಮೊದಲ ಡೋಸ್ ಆಯಿತು. ತಾರಸಿ ಬ್ಯಾಚಿನ ಹಿರಿಯರಿಗೆಲ್ಲ ನಾನೇ ಫೋನಿನಲ್ಲಿ ಹೆಸರು ನೋಂದಾಯಿಸಿಕೊಟ್ಟೆ. "ಪ್ರಾಣಾಯಾಮ ಮಾಡ್ತೀವಲ್ಲ, ಲಸಿಕೆ ಯಾಕೆ?" ಅಂದವರಿಗೆ ಅಮ್ಮನ ತೋಳು ತೋರಿಸಿದೆ.

13 ಏಪ್ರಿಲ್, ಮಂಗಳವಾರ

ಪ್ಲವ ಸಂವತ್ಸರ. ಸ್ಕೂಟರಿನ ಕಂತು ಪೂರ್ತಿ ಕಟ್ಟಿ ಮುಗಿಯಿತು. ಬೇವು ಬೆಲ್ಲ ತಿನ್ನುವಾಗ ಅಮ್ಮ, "ಈ ವರ್ಷವಾದ್ರೂ" ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಕೇಸುಗಳು ಮತ್ತೆ ಏರುತ್ತಿವೆ.

28 ಏಪ್ರಿಲ್, ಬುಧವಾರ

ನಿನ್ನೆ ರಾತ್ರಿಯಿಂದ ರಾಜ್ಯವೆಲ್ಲ ಮತ್ತೆ ಕರ್ಫ್ಯೂ.

ರಾತ್ರಿ ಹನ್ನೊಂದಕ್ಕೆ ಮೇಷ್ಟ್ರ ಸೊಸೆಯ ಫೋನು. "ಅಕ್ಕಾ, ಮಾವನಿಗೆ ಪಾಸಿಟಿವ್. ಆಕ್ಸಿಜನ್ 92 ತೋರಿಸ್ತಿದೆ. ಬೆಡ್ ಸಿಗೋ ತನಕ ಬೋರಲು ಮಲಗಿಸಿ ಅಂದ್ರು ಡಾಕ್ಟ್ರು. ಅವರಿಗೆ ಆಗ್ತಿಲ್ಲ, ಕತ್ತು ನೋಯುತ್ತೆ ಅಂತ ಎದ್ದುಬಿಡ್ತಾರೆ." 94ಕ್ಕಿಂತ ಕೆಳಗಿಳಿದವರಿಗೆ ಹೀಗೆ ಮಾಡಿಸಿ ಅಂತ ಹೋದ ವಾರವಷ್ಟೇ ಆರೋಗ್ಯ ಸಚಿವಾಲಯ ಚಿತ್ರ ಸಮೇತ ಹೊರಡಿಸಿತ್ತು.

ವಿಡಿಯೊ ಕಾಲ್ ಮಾಡಿಸಿದೆ. ಮೊದಲು ಕೇಳಿದ್ದು, ಊಟ ಎಷ್ಟು ಹೊತ್ತಿಗೆ ಆಯಿತು? ಎಂಟಕ್ಕೆ. ಸರಿ. ಹೃದಯದ ತೊಂದರೆ ಇದೆಯಾ ಅಂತ ಡಾಕ್ಟರು ಕೇಳಿಕೊಂಡಿದ್ದರಾ? ಕೇಳಿದ್ದರು, ಇಲ್ಲ. "ದಿಂಬು ಎಷ್ಟಿವೆ ಮನೇಲಿ?" ನಾಲ್ಕು. ಐದನೆಯದಕ್ಕೆ ಹೊದಿಕೆ ಸುತ್ತಲು ಹೇಳಿದೆ. ಕತ್ತಿನ ಕೆಳಗೆ ತೆಳ್ಳನೆಯದು ಒಂದು. ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ಎರಡು, ಹೊಟ್ಟೆ ಅದುಮದ ಹಾಗೆ. ಮೊಣಕಾಲಿನಿಂದ ಕೆಳಗೆ, ಮುಂಗಾಲಿಗೆ ಆಸರೆಯಾಗಿ, ಎರಡು. ಮುಖ ಒಂದು ಪಕ್ಕಕ್ಕೆ. ಆ ಪಕ್ಕದ ಕೈ ಮಡಚಿ ತಲೆಯ ಹತ್ತಿರ, ಇನ್ನೊಂದು ಕೈ ಮೈ ಪಕ್ಕದಲ್ಲಿ.

ದಿಂಬಿನ ಎತ್ತರ ಸರಿಹೋದ ಕೂಡಲೇ ಮೇಷ್ಟ್ರ ಹೆಗಲು ಕೆಳಗಿಳಿಯಿತು. ಉಸಿರು ಬೆನ್ನಿನ ಪಕ್ಕೆಯಲ್ಲಿ ಕಾಣತೊಡಗಿತು. "ಎಣಿಸಬೇಡಿ ಮೇಷ್ಟ್ರೇ, ಹಿಡಿಯಬೇಡಿ. ಬಂದಷ್ಟು ತಗೊಳ್ಳಿ" ಅಂದೆ. ತಲೆ ಅಲ್ಲಾಡಿಸಿದರು. ಅರ್ಧ ಗಂಟೆಯ ಮೇಲೆ ಬಲಮಗ್ಗುಲು, ಆಮೇಲೆ ಒರಗಿಸಿ ಕೂರಿಸುವುದು, ಆಮೇಲೆ ಎಡಮಗ್ಗುಲು, ಮತ್ತೆ ಬೋರಲು. ಎರಡು ಗಂಟೆಯ ಹೊತ್ತಿಗೆ 94, 95ರ ಮಧ್ಯೆ ಆಡುತ್ತಿತ್ತು. ಬೆಡ್ ಹುಡುಕುವುದನ್ನು ನಿಲ್ಲಿಸಬೇಡಿ, 92ಕ್ಕಿಂತ ಇಳಿದರೆ ಕಾಯಬೇಡಿ ಅಂತ ಮಗನಿಗೆ ಒತ್ತಿ ಹೇಳಿದೆ. ಬೆಳಗಿನ ಐದಕ್ಕೆ ಬೆಡ್ ಸಿಕ್ಕಿತು.

2 ಮೇ, ಭಾನುವಾರ

ಮೇಷ್ಟ್ರಿಗೆ ಕೊಡುತ್ತಿದ್ದ ಆಕ್ಸಿಜನ್ ಕಡಿಮೆ ಮಾಡಿದ್ದಾರಂತೆ. ಬ್ಯಾಚಿನ ಗುಂಪಿನಲ್ಲಿ ಯಾರೋ 'ಮಿಸ್ ಯೋಗದಿಂದ ಮೇಷ್ಟ್ರನ್ನು ಉಳಿಸಿದರು' ಅಂತ ಹಾಕಿದ್ದರು, ಅದು ಬೇರೆ ಗುಂಪುಗಳಿಗೂ ಹೋಗಿದೆ. ಕೂಡಲೇ ಬರೆದೆ: ಬೋರಲು ಮಲಗಿಸಲು ಹೇಳಿದ್ದು ಡಾಕ್ಟರು, ಉಳಿಸುತ್ತಿರುವುದು ಆಸ್ಪತ್ರೆ ಮತ್ತು ಆಕ್ಸಿಜನ್, ನಾನು ದಿಂಬು ಇಡಿಸಿದೆ.

ದಿಂಬು ಇಡುವ ಕ್ರಮವನ್ನು ಐದು ನಿಮಿಷದ ಆಡಿಯೊ ಮಾಡಿ, ಮೊದಲು ಆ ಡಾಕ್ಟರಿಗೇ ಕಳಿಸಿದೆ. ಯಾರಿಗೆ ಬೇಡ ಅನ್ನುವುದನ್ನು ಶುರುವಿನಲ್ಲೇ ಹೇಳಿ ಅಂದರು. ಮತ್ತೆ ರೆಕಾರ್ಡ್ ಮಾಡಿದೆ. ಇದಕ್ಕೆ ಫೀಸಿಲ್ಲ. ಬೆಳಗಿನ ಕ್ಲಾಸಿಗೆ ಇದೆ, ಈ ತಿಂಗಳು ಕೇಳುತ್ತೇನೆ.

ಸಂಜೆಯಿಂದ ಮೂರು ಮನೆಗಳಿಂದ ಫೋನ್ ಬಂದಿದೆ. ಅದರಲ್ಲಿ ಒಬ್ಬಳು ಏಳು ತಿಂಗಳ ಬಸುರಿ. ಅವಳಿಗೆ ಇದು ಬೇಡ, ತನ್ನ ಡಾಕ್ಟರನ್ನೇ ಕೇಳಲಿ ಅಂತ ಈಗಲೇ ಫೋನ್ ಮಾಡಿ ಹೇಳಬೇಕು.