ಹಳೇ ಫೈಲು, ಹೊಸ ಹೆಸರು

ಟೆಂಪ್ಲೇಟ್ ಇಲ್ಲದೆ ಆಫೀಸಿನಲ್ಲಿ ನನ್ನ ದಿನ ಸಾಗುವುದಿಲ್ಲ. ಆಫರ್ ಲೆಟರ್‌ಗೊಂದು, ರಿಲೀವಿಂಗ್ ಲೆಟರ್‌ಗೊಂದು, ಪ್ರಪೋಸಲ್‌ಗೊಂದು. ಆದರೂ ಅದು ಯಾಕೆ ಬೇಕು ಅಂತ ಸರಿಯಾಗಿ ಗೊತ್ತಾಗಿದ್ದು ಇಳಕಲ್ಲಿನ ಒಂದು ಡಿಟಿಪಿ ಅಂಗಡಿಯಲ್ಲಿ.

ಅಪ್ಪ ತೀರಿಕೊಂಡ ಮೇಲೆ ಹುನಗುಂದದ ಹತ್ತಿರದ ಎರಡೆಕರೆ ಹೊಲ ನಮ್ಮ ಹೆಸರಿಗೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷದ ಅಫಿಡವಿಟ್ಟು ಬೇಕು. ನಾಲ್ಕು ದಿನ ರಜೆ ಹಾಕಿ ಬೆಂಗಳೂರಿನಿಂದ ಹೋದೆ. ಅಂಗಡಿಯ ಕಾಕಾ ಹಳೇ ಫೈಲೊಂದನ್ನು ತೆಗೆದರು, ಯಾರದೋ ಹೆಸರು ಅಳಿಸಿ ಅಪ್ಪನ ಹೆಸರು ಹೊಡೆದರು, ಐದೇ ನಿಮಿಷದಲ್ಲಿ ಪ್ರಿಂಟ್ ಕೈಗಿಟ್ಟರು. ಓದದೆ ಸಹಿ ಹಾಕಿದೆ.

ಕಚೇರಿಯ ಗುಮಾಸ್ತರು ಕೊನೆಯ ಪ್ಯಾರಾದಲ್ಲಿ ನಿಂತರು. "ತೀರಿಕೊಂಡವರು ಯಾರ್ರೀ? ಇಲ್ಲಿ ಬ್ಯಾರೆ ಹೆಸರು ಐತಲ್ಲ!" ಮೂರು ಕಡೆ ಅಪ್ಪ ಇದ್ದರು, ನಾಲ್ಕನೇ ಕಡೆ ಯಾರೋ ಅಪರಿಚಿತರು.

ಮತ್ತೆ ಅಂಗಡಿಗೆ ಬಂದೆವು. ಬಾದಾಮಿಗೆ ಕೊಟ್ಟ ಅಕ್ಕನೂ ಅಷ್ಟರಲ್ಲಿ ಬಂದಿದ್ದಳು. ಸ್ಕ್ರೀನನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು, "ತಮ್ಮಾ, ಇದರಾಗ ನಾ ಎಲ್ಲಿ ಅದೀನೋ?"

ಇರಲಿಲ್ಲ. ಹಳೇ ಫೈಲಿನಲ್ಲಿ ವಾರಸುದಾರರಿಗೆ ಇದ್ದದ್ದು ಎರಡೇ ಸಾಲು: ಹೆಂಡತಿ, ಗಂಡುಮಕ್ಕಳು. "ಮೊದಲಿಂದ ಹಂಗೇ ನಡಕೊಂಡು ಬಂದೈತ್ರಿ," ಅಂದರು ಕಾಕಾ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ತಿದ್ದುಪಡಿ ಬಂದದ್ದು 2005ರಲ್ಲಿ. ಆ ಫೈಲಿಗೆ ಅದು ಇನ್ನೂ ತಲುಪಿರಲಿಲ್ಲ, ಅಷ್ಟೆ. ಆದರೆ ಕೆಳಗಿದ್ದ ಸಹಿ ನನ್ನದು. ಅಕ್ಕನ ಮುಖ ನೋಡಲಾಗಲಿಲ್ಲ.

ಆ ಮಧ್ಯಾಹ್ನ ಕಾಕಾನ ಪಕ್ಕದಲ್ಲಿ ಕೂತೆ. ಮೊದಲು ಹಳೇ ನುಡಿ ಫಾಂಟಿನಲ್ಲಿದ್ದದ್ದನ್ನು ಯೂನಿಕೋಡ್‌ಗೆ ಬದಲಿಸಿದೆವು. ಇಲ್ಲೊಂದು ಕಿರಿಕಿರಿ ಇದೆ. ವರ್ಡ್‌ನಲ್ಲಿ ಫಾಂಟ್ ಆರಿಸಲು ಎರಡು ಜಾಗ. ಯೂನಿಕೋಡ್ ಕನ್ನಡ ಕೇಳುವುದು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅನ್ನುವುದರ ಮಾತನ್ನು. ಸ್ಟೈಲ್‌ನಲ್ಲಿ ಅದನ್ನೊಮ್ಮೆ ಹೊಂದಿಸಿಬಿಟ್ಟರೆ ಪ್ರತಿಸಲ ಒದ್ದಾಡಬೇಕಿಲ್ಲ.

ಮೃತರ ಹೆಸರಿಗೆ ಕ್ವಿಕ್ ಪಾರ್ಟ್ಸ್‌ನಿಂದ ಒಂದು ಡಾಕ್ಯುಮೆಂಟ್ ಪ್ರಾಪರ್ಟಿ ತಂದು ನಾಲ್ಕೂ ಕಡೆ ಇಟ್ಟೆವು. ಒಂದು ಕಡೆ ಬರೆದರೆ ಉಳಿದ ಮೂರೂ ಕಡೆ ತಾನೇ ಬದಲಾಗುತ್ತದೆ. ವಾರಸುದಾರರಿಗೆ ಟೇಬಲ್ ಮಾಡಿ, 'ಹೆಣ್ಣುಮಕ್ಕಳ ಹೆಸರು (ಮದುವೆಯಾದವರೂ ಸೇರಿ)' ಎಂದು ಖಾಲಿ ಜಾಗ ಬಿಟ್ಟೆವು. ಕೊನೆಗೆ ಸೇವ್ ಆ್ಯಸ್‌ಗೆ ಹೋಗಿ ಡಾಟ್ಎಕ್ಸ್, ಅಂದರೆ ವರ್ಡ್ ಟೆಂಪ್ಲೇಟ್ ಆಗಿ ಉಳಿಸಿದೆವು. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪ್ರತಿಸಲವೂ ಹೊಸ ಕಾಗದವೇ ತೆರೆಯುತ್ತದೆ. ಹಿಂದಿನವರ ಹೆಸರು ಅದರಲ್ಲಿ ಉಳಿಯುವ ಮಾತೇ ಇಲ್ಲ.

ಕಾಕಾ ನಕ್ಕರು. "ನಿಮ್ಮಪ್ಪ ಇದ್ದಿದ್ದರ, ಇದು ನಮ್ಮ ಮಗ್ಗದ ಲೆಕ್ಕ ಅಂತಿದ್ದ ನೋಡು." ಅಪ್ಪ ನೇಕಾರ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುವುದಕ್ಕೆ ತೋಪ ತೆನಿ ಅನ್ನುತ್ತಾರೆ. ಪದ್ಧತಿ ಹಳೆಯದೇ, ಆದರೆ ಹಾಸನ್ನು ಪ್ರತಿ ಸೀರೆಗೂ ಹೊಸದಾಗಿಯೇ ಹೂಡಬೇಕು. ಯಾರದೋ ಸೀರೆ ಬಿಚ್ಚಿ ಇನ್ನೊಬ್ಬರಿಗೆ ನೇಯಲು ಬರುವುದಿಲ್ಲ.

ದೀಪಾವಳಿಗೆ ಹೋದಾಗ ಅಂಗಡಿಗೆ ಹೋಗಿದ್ದೆ. ಯಾರೋ ಅಣ್ಣತಮ್ಮಂದಿರು ಬಂದು ಕೂತಿದ್ದರು. ಹೆಸರು ಹೊಡೆಯುತ್ತಿದ್ದ ಕಾಕಾ ಆ ಖಾಲಿ ಜಾಗಕ್ಕೆ ಬಂದು ಕೈ ನಿಲ್ಲಿಸಿ ಕೇಳಿದರು, "ಅಕ್ಕತಂಗ್ಯಾರು ಎಷ್ಟ ಮಂದಿ ಅದಾರ್ರೀ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ದೊಡ್ಡವನು ಹೇಳಿದ, "ಮೂರು ಮಂದಿ ರೀ. ಬರಕೋರಿ."