ರಾಶಿ ಮುಂದೆ ಕೂತರೆ

ಫೆಬ್ರವರಿ ಬಂತೆಂದರೆ ನಮ್ಮ ಕಡೆ ಮನೆಗಳ ನಡುಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಾಗಿ ಮೂಟೆಗಳು ಆಗಲೇ ಒಂದು ಗೋಡೆ ಹಿಡಿದಿರುತ್ತವೆ, ಇನ್ನೊಂದು ಗೋಡೆಗೆ ಉರ್ಲಗಡ್ಡೆ ಬಂದು ಬೀಳುತ್ತದೆ. ಚನ್ನರಾಯಪಟ್ಟಣದ ಆಲೂಗಡ್ಡೆ ಎಂದರೆ ಎಲ್ಲರಿಗೂ ಹಾಸನ ಜಿಲ್ಲೆಯ ಊರೇ ನೆನಪಾಗುತ್ತದೆ. ಅವರದು ಮುಂಗಾರಿನ ಬೆಳೆ, ಮಳೆ ನಂಬಿದ ಬೆಳೆ. ದೇವನಹಳ್ಳಿ ತಾಲ್ಲೂಕಿನ ನಮ್ಮ ಚನ್ನರಾಯಪಟ್ಟಣ ಹೋಬಳಿಯದು ಹಿಂಗಾರಿನದು. ದೀಪಾವಳಿ ಆಸುಪಾಸಿನಲ್ಲಿ ನೆಟ್ಟು, ಬೋರ್‌ವೆಲ್ ನೀರು ಕುಡಿಸಿ, ಚಳಿ ಇಳಿಯುವ ಹೊತ್ತಿಗೆ ಅಗೆಯುತ್ತೇವೆ. ರಾತ್ರಿ ತಂಪಾಗಿದ್ದಷ್ಟೂ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ನಮ್ಮ ಕೆಂಪು ಮಣ್ಣಿಗೆ ಮಾಗಿಯ ಚಳಿ ಸೇರಿದರೆ ಆ ವರ್ಷ ಗಡ್ಡೆಯ ಮೈ ನೋಡುವುದೇ ಒಂದು ಸೊಗಸು.

ದಪ್ಪನೆಯದು, ನುಣುಪಾದದ್ದು ಮೂಟೆಯಾಗಿ ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹೋಗುತ್ತದೆ. ಗೋಲಿಯಷ್ಟಿರುವುದು, ಗುದ್ದಲಿ ಏಟು ಬಿದ್ದದ್ದು, ಆಕಾರ ಕೆಟ್ಟದ್ದು ಮನೆಗೆ ಬರುತ್ತದೆ. ರೇಟು ಬಿದ್ದ ವರ್ಷ ಒಳ್ಳೆಯದೂ ಮನೆಯಲ್ಲೇ ಉಳಿಯುತ್ತದೆ. ಈ ಉಳಿಕೆಯ ರಾಶಿ ಆರಿಸುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಗಿನ ತಿಂಡಿ ಮುಗಿಸಿ, ಗೋಣಿಚೀಲ ಹಾಸಿ, ರಾಶಿ ಮುಂದೆ ಕೂತುಬಿಟ್ಟರೆ ನನಗೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ.

ಕಲಿಸಿದವರು ನಮ್ಮ ಅತ್ತೆ. "ಕಣ್ಣಲ್ಲಿ ನೋಡ್ಬೇಡ ಕಣಮ್ಮ, ಹೆಬ್ಬೆಟ್ಟಲ್ಲಿ ನೋಡು" ಎನ್ನುತ್ತಿದ್ದರು. ಹೆಬ್ಬೆರಳಿಂದ ಸಿಪ್ಪೆಯನ್ನು ಒತ್ತಿ ಉಜ್ಜಬೇಕು. ಸಿಪ್ಪೆ ಜಾರಿ ಸುಲಿದು ಬಂದರೆ ಅದು ಎಳೆಯದು, ವಾರದೊಳಗೆ ತಿಂದು ಮುಗಿಸುವಂಥದ್ದು. ಉಜ್ಜಿದರೂ ಕದಲದಿದ್ದರೆ ಬಲಿತದ್ದು, ಇಡಲು ಯೋಗ್ಯ. ಅಗೆಯುವ ಹತ್ತು ಹನ್ನೆರಡು ದಿನ ಮೊದಲೇ ನೀರು ನಿಲ್ಲಿಸಿ ಗಿಡವನ್ನು ಬುಡಕ್ಕೆ ಕೊಯ್ದು ಬಿಡುವುದು ಇದಕ್ಕೇ: ನೆಲದೊಳಗೇ ಸಿಪ್ಪೆ ಗಟ್ಟಿಯಾಗಲಿ ಎಂದು. ಆಮೇಲೆ ಕಣ್ಣುಗಳನ್ನು ನೋಡಬೇಕು. ಒಣಗಿದ ಗಡ್ಡೆಯ ಮೇಲಿನ ಮಣ್ಣು ತಟ್ಟಿದರೆ ಉದುರುತ್ತದೆ. ಮೈಯೆಲ್ಲ ಉದುರಿ ಕಣ್ಣಿನ ಗುಳಿಯಲ್ಲಿ ಮಾತ್ರ ಮಣ್ಣು ಅಂಟಿಕೊಂಡಿದ್ದರೆ ಅನುಮಾನ ಪಡಬೇಕು. ದುಂಡಾಣು ಸೊರಗು ರೋಗ ಬಂದ ಗಡ್ಡೆ ಕಣ್ಣಿನಿಂದ ಅಂಟು ಒಸರುತ್ತದೆ, ಮಣ್ಣನ್ನು ಹಿಡಿದಿಡುವುದು ಆ ಅಂಟು. ಕುಯ್ದರೆ ಒಳಗೆ ಸುತ್ತಲೂ ಕಂದು ಗೆರೆ ಕಾಣುತ್ತದೆ. ಅಂಥದ್ದೊಂದು ರಾಶಿಯಲ್ಲಿ ಉಳಿದರೆ ಸುತ್ತಲಿನವನ್ನೂ ಕೊಳೆಸುತ್ತದೆ, ಆ ವಾಸನೆ ಮನೆ ಬಿಟ್ಟು ಹೋಗಲು ತಿಂಗಳು ಬೇಕು.

ಹೀಗೆ ಆರಿಸುತ್ತ ಕೂತಾಗ ನನಗೆ ಮತ್ತೆ ಮತ್ತೆ ಖುಷಿ ಕೊಡುವ ಸಂಗತಿ ಎಂದರೆ, ಕೈಯಲ್ಲಿರುವುದು ಜೀವ ಇರುವ ವಸ್ತು ಎನ್ನುವುದು. ರಾಗಿಯಂತೆ ಒಣಗಿಸಿ ತುಂಬಿಟ್ಟು ಮರೆಯುವಂಥದ್ದಲ್ಲ ಇದು. ಅಗೆದ ಮೇಲೂ ಗಡ್ಡೆ ಉಸಿರಾಡುತ್ತದೆ, ಬೆವರುತ್ತದೆ, ಗಾಯಕ್ಕೆ ತಾನೇ ಹೊಸ ಚರ್ಮ ಕಟ್ಟಿಕೊಳ್ಳುತ್ತದೆ. ಹೊಲದ ಬದುವಿನ ಹೊಂಗೆ ನೆರಳಲ್ಲಿ ಹತ್ತು ಹದಿನೈದು ದಿನ ಗುಡ್ಡೆ ಹಾಕಿ ಬಿಡುವುದು ಆ ಗಾಯ ಮಾಯಲಿ ಎಂದೇ. ನೀರಲ್ಲಿ ತೊಳೆಯಲೇಬಾರದು. ಮಾಯ್ದ ಗಡ್ಡೆಯನ್ನು ಒಳಗೆ ತಂದಮೇಲೆ ಅದನ್ನು ನಿದ್ದೆಯಲ್ಲೇ ಇರಿಸುವುದು ನಮ್ಮ ಕೆಲಸ. ಕತ್ತಲೆ ಬೇಕು, ಗಾಳಿ ಆಡಬೇಕು, ರಾಶಿ ಮೊಣಕಾಲೆತ್ತರ ದಾಟಬಾರದು, ಈರುಳ್ಳಿ ಪಕ್ಕದಲ್ಲಿ ಇಡಬಾರದು. ಎರಡೂ ಒಂದನ್ನೊಂದು ಕೆಡಿಸುತ್ತವೆ. ಬೆಳಕು ತಾಗಿದ ಗಡ್ಡೆ ಹಸಿರಾಗುತ್ತದೆ. ಹಸಿರು ಬಂದ ಕಡೆ ಸೊಲನಿನ್ ಎಂಬ ವಿಷವೂ ಸೇರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಹೆರೆದು ತೆಗೆಯಬಹುದು, ಕಹಿ ಇದ್ದರೆ ತಿಪ್ಪೆಗೆ ಹಾಕಬೇಕು.

ಇಷ್ಟಾದರೂ ಬೇಸಿಗೆಯಲ್ಲಿ ಒಬ್ಬ ಶತ್ರು ಇದ್ದೇ ಇರುತ್ತಾನೆ: ಬೂದುಬಣ್ಣದ ಸಣ್ಣ ಪತಂಗ. ಅದು ಕಣ್ಣಿನ ಹತ್ತಿರ ಮೊಟ್ಟೆ ಇಡುತ್ತದೆ, ಮರಿಹುಳು ಒಳಗೆ ಸುರಂಗ ಕೊರೆಯುತ್ತದೆ, ಕಣ್ಣಿನ ಬಾಯಲ್ಲಿ ಕರಿ ಹಿಕ್ಕೆ ಕಂಡಾಗಲೇ ನಮಗೆ ತಿಳಿಯುವುದು. ಇದಕ್ಕೆ ಹಳ್ಳಿಯವರ ಮದ್ದು ಒಣಸೊಪ್ಪು. ಬೇವಿನ ಸೊಪ್ಪೋ, ಲಂಟಾನವೋ, ನೀಲಗಿರಿ ಎಲೆಯೋ ರಾಶಿಯ ಅಡಿಗೂ ಮೇಲಕ್ಕೂ ಎರಡು ಬೆರಳು ದಪ್ಪ ಹೊದಿಸುವುದು. ನಮ್ಮ ಸೀಮೆಯ ಅಂತರ್ಜಲ ಹೀರುತ್ತದೆ ಎಂದು ನೀಲಗಿರಿಯನ್ನು ಬೈದವರಲ್ಲಿ ನಾನೂ ಒಬ್ಬಳು, ಅದನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ 2017ರಲ್ಲಿ ಆಜ್ಞೆ ಮಾಡಿದ್ದು ಸರಿಯೇ. ಆದರೂ ಆ ಎಲೆಯ ಘಾಟು ಪತಂಗವನ್ನು ದೂರ ಇಡುವ ಗುಣಕ್ಕೆ ನಾನು ಋಣಿ.

ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆ ಗಡ್ಡೆ ಲಾರಿ ತುಂಬ ಬರುವುದನ್ನು ನೋಡಿದವರು ಕೇಳುತ್ತಾರೆ: ನಿಮ್ಮ ಗಡ್ಡೆಯನ್ನೇ ಬಿತ್ತನೆಗೆ ಇಟ್ಟುಕೊಳ್ಳಬಾರದೇ? ನಮ್ಮ ಬೇಸಿಗೆ ಬಿಡುವುದಿಲ್ಲ. ಬಿತ್ತನೆಯದನ್ನು ಎರಡು ಮೂರು ಡಿಗ್ರಿ ಶೀತದಲ್ಲಿ ತಿಂಗಳುಗಟ್ಟಲೆ ಇಡಬೇಕು, ಜೊತೆಗೆ ಸಸ್ಯಹೇನುಗಳು ಹರಡುವ ನಂಜುರೋಗ ವರ್ಷದಿಂದ ವರ್ಷಕ್ಕೆ ಗಡ್ಡೆಯೊಳಗೇ ಬೆಳೆಯುತ್ತದೆ. ಬಿತ್ತನೆಯಂತೆ ತಳಿಯೂ ಹೊರಗಿನದೇ: ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾ ಬೆಟ್ಟಕ್ಕೆ ಹೋಯಿತು. ಅಲ್ಲಿಂದ 1968ರಲ್ಲಿ ಹೊರಬಂದ ಕುಫ್ರಿ ಜ್ಯೋತಿ ಇಂದಿಗೂ ನಮ್ಮ ಹೊಲಗಳಲ್ಲಿದೆ. ಮೊಟ್ಟೆಯಾಕಾರ, ತೆಳು ಸಿಪ್ಪೆ, ಆಳವಿಲ್ಲದ ಕಣ್ಣು. ಹೆರೆಯುವವರ ಕಷ್ಟ ಬಲ್ಲ ತಳಿ. ಮನೆಯಲ್ಲಿ ಉಳಿಯುವ ರಾಶಿ ತಿನ್ನುವುದಕ್ಕೆ ಮಾತ್ರ, ಹಾಗಾಗಿ ಅಡುಗೆಮನೆಯೇ ಅದಕ್ಕೆ ದಿಕ್ಕು.

ಏಟು ಬಿದ್ದದ್ದು ಮೊದಲು ಒಲೆಗೆ. ಅವರೆಕಾಯಿಯ ಕೊನೆಯ ಕೊಯ್ಲು ಇನ್ನೂ ಮುಗಿದಿರುವುದಿಲ್ಲ. ಹಿತಕಿದ ಬೇಳೆ ಜೊತೆ ಹೊಸ ಗಡ್ಡೆಯ ಹೋಳು ಬಿದ್ದ ಸಾರು, ಬಿಸಿ ಮುದ್ದೆ: ಈ ಜೋಡಿ ವರ್ಷದಲ್ಲಿ ಕೆಲವೇ ವಾರ ಸಿಗುವಂಥದ್ದು, ಅದಕ್ಕಾಗಿ ನಾನು ಬೇರೆ ಯಾವ ಅಡುಗೆಯನ್ನಾದರೂ ಮುಂದಕ್ಕೆ ಹಾಕುತ್ತೇನೆ. ಗೋಲಿಗಾತ್ರದವನ್ನು ಸಿಪ್ಪೆ ಸಮೇತ ಬೇಯಿಸಿ ಹುಳಿಗೆ ಇಡಿಯಾಗಿ ಹಾಕುವುದು. ಆಮೇಲೆ ಪಲ್ಯ, ಸಾಗು, ಬೋಂಡ, ಹುರುಳಿಕಾಳು ಸಾರು; ಇವೆಲ್ಲ ಎಲ್ಲರ ಮನೆಯಲ್ಲೂ ಆಗುವಂಥವೇ. ಫ್ರಿಜ್ಜಿನಲ್ಲಿ ಮಾತ್ರ ಇಡುವುದಿಲ್ಲ. ಆ ಶೀತಕ್ಕೆ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಎಣ್ಣೆಗೆ ಬಿಟ್ಟ ಕೂಡಲೇ ಕಪ್ಪಗೆ ಸೀಯುತ್ತದೆ.

ಮಾರ್ಚಿ ಬಿಸಿಲು ಏರಿತೆಂದರೆ ಮಾಳಿಗೆ ಮೇಲೆ ಸಂಡಿಗೆ. ನನ್ನ ಮಟ್ಟಿಗೆ ವರ್ಷದ ಹಬ್ಬ ಇದೇ. ಹಿಂದಿನ ಸಂಜೆಯೇ ಗಡ್ಡೆ ಹೆರೆದು, ಮಣೆಯಲ್ಲಿ ತೆಳ್ಳಗೆ ಹೆಚ್ಚಿ, ಬಿಲ್ಲೆಗಳು ನೇರ ನೀರಿಗೇ ಬೀಳುವಂತೆ ನೋಡಿಕೊಳ್ಳುವುದು. ಗಾಳಿ ತಗುಲಿದರೆ ಕಪ್ಪಾಗುತ್ತವೆ. ನೀರಿಗೆ ಚಿಟಿಕೆ ಪಟಿಕದ ಪುಡಿ ಹಾಕುವವರಿದ್ದಾರೆ, ನಾನು ಉಪ್ಪಿನಲ್ಲೇ ನಿಭಾಯಿಸುತ್ತೇನೆ. ಎರಡು ಮೂರು ನೀರು ಬದಲಾಯಿಸುವಾಗ ಪಾತ್ರೆಯ ತಳದಲ್ಲಿ ಬೆಳ್ಳನೆಯ ಹಿಟ್ಟು ಕೂರುತ್ತದೆ. ಬೆರಳಾಡಿಸಿದರೆ ಕಿರ್ರ್ ಎನ್ನುವ, ಒತ್ತಿದರೆ ಗಟ್ಟಿ, ಬಿಟ್ಟರೆ ಹರಿಯುವ ಹಿಟ್ಟು. ಅದನ್ನು ಚೆಲ್ಲುವುದುಂಟೇ? ತಟ್ಟೆಯಲ್ಲಿ ಒಣಗಿಸಿ ಎತ್ತಿಟ್ಟರೆ ಸಾಗು ಗಟ್ಟಿ ಮಾಡಲು, ಹತ್ತಿ ಸೀರೆಗೆ ಗಂಜಿ ಹಾಕಲು ವರ್ಷವಿಡೀ ಬರುತ್ತದೆ.

ಬೆಳಗಿನ ಆರಕ್ಕೆ ಉಪ್ಪುನೀರು ಕುದಿಯುತ್ತಿರಬೇಕು. ಬಿಲ್ಲೆ ಹಾಕಿ, ಅಂಚು ಗಾಜಿನಂತಾಗಿ ನಡು ಇನ್ನೂ ಬೆಳ್ಳಗಿರುವಾಗಲೇ ಸೋಸಬೇಕು. ಇನ್ನೊಂದು ನಿಮಿಷ ಬಿಟ್ಟರೆ ಮುರಿಯುತ್ತದೆ, ಒಂದು ನಿಮಿಷ ಮೊದಲೇ ತೆಗೆದರೆ ಕರಿದಾಗ ಗಟ್ಟಿ. ಹಳೇ ಪಂಚೆಯ ಮೇಲೆ ಒಂದರ ಮೈ ಇನ್ನೊಂದಕ್ಕೆ ತಾಗದಂತೆ ಹರವಿದರೆ ಮಧ್ಯಾಹ್ನಕ್ಕೆ ಅಂಚು ಮುದುರಿ ಏಳುತ್ತವೆ. ಎರಡನೇ ದಿನ ಕೈಯಲ್ಲಿ ಬಾಚಿದರೆ ಗಲಗಲ ಎನ್ನಬೇಕು, ಅಷ್ಟಾದ ಮೇಲೂ ಇನ್ನೊಂದು ಬಿಸಿಲು ಬೇಕೇ ಬೇಕು. ಬೆಂದ ಗಡ್ಡೆ, ಸಬ್ಬಕ್ಕಿ, ಹಸಿಮೆಣಸಿನಕಾಯಿ, ಜೀರಿಗೆ ಕಲಸಿ ಚಕ್ಕುಲಿ ಒರಳಲ್ಲಿ ಒತ್ತುವ ಸಂಡಿಗೆಗೆ ನೆರೆಮನೆಯವರೂ ಬಂದು ಸೇರುತ್ತಾರೆ. ಒತ್ತುವ ಕೈ ನೋಯುತ್ತದೆ, ಮಾತು ನಿಲ್ಲುವುದಿಲ್ಲ.

ಗಡ್ಡೆಯ ತವರಾದ ಆಂಡಿಸ್ ಬೆಟ್ಟದವರೂ ಇದನ್ನೇ ಬೇರೆ ದಾರಿಯಲ್ಲಿ ಮಾಡುತ್ತಾರೆ. ರಾತ್ರಿ ಹಿಮಕ್ಕೆ ಗಡ್ಡೆ ಹರವಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದ ಅವರ ಚುನ್ಯೋ ವರ್ಷಗಟ್ಟಲೆ ಕೆಡುವುದಿಲ್ಲವಂತೆ. ಅವರಿಗೆ ಹಿಮ ಒದಗಿಬಂತು, ನಮಗೆ ಬಿಸಿಲು. ತನ್ನ ನೆಲದ ಹವೆಯನ್ನು ಬಲ್ಲ ಹೆಂಗಸೊಬ್ಬಳು ಅಲ್ಲೂ ಬೆರಳಿಂದ ಒತ್ತಿ ನೋಡುತ್ತಿರುತ್ತಾಳೆ ಎಂದುಕೊಂಡರೆ ನನಗೆ ಸಂತೋಷ.

ಮಾಳಿಗೆ ಮೇಲೆ ನಿಂತರೆ ವಿಮಾನಗಳು ಇಳಿಯುವುದು ಕಾಣುತ್ತದೆ, ಅದರಾಚೆ ಹೊಲಗಳು. ಈ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಕೇಳಿದಾಗ 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟಿರುವುದಾಗಿ ಹೇಳುವವರೆಗೆ ಮೂರು ವರ್ಷಕ್ಕೂ ಮೇಲೆ ಧರಣಿಯ ಪೆಂಡಾಲಿನಲ್ಲಿ ಜನ ಇದ್ದರು. ರಾಗಿ, ತರಕಾರಿ, ಹೂವು, ದ್ರಾಕ್ಷಿ ಬೆಳೆಯುವ ನೆಲ ಇದು. ಬೆಂಗಳೂರಿನ ಊಟದೆಲೆಗೆ ದಿನವೂ ಬಡಿಸುವ ನೆಲ. ಗಡ್ಡೆಯನ್ನು ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳಬಹುದು, ನಡುಮನೆ ತುಂಬುವ ರಾಶಿ ಬೇಕೆಂದರೆ ಹೊಲವೇ ಇರಬೇಕು. ಅದು ಉಳಿಯಲಿ ಎಂದು ಧರಣಿ ಕೂತವರಲ್ಲಿ ನನ್ನಂತೆ ಸಂಡಿಗೆ ಒತ್ತುವ ಹೆಂಗಸರೂ ಇದ್ದರು.

ಮೇ ಕಳೆಯುವಷ್ಟರಲ್ಲಿ ರಾಶಿ ಕರಗಿ, ಉಳಿದವು ಮೆತ್ತಗಾಗಿ ಮೊಳಕೆಯೊಡೆದಿರುತ್ತವೆ. ಮೊಳಕೆ ಸಣ್ಣದಿದ್ದು ಗಡ್ಡೆ ಗಟ್ಟಿಯಿದ್ದರೆ ಕಣ್ಣನ್ನು ಆಳವಾಗಿ ತೋಡಿ ತೆಗೆದು ಬೇಯಿಸುತ್ತೇನೆ. ಸುಕ್ಕುಗಟ್ಟಿದವನ್ನು ಮುಂಗಾರಿನ ಮೊದಲ ಹದಕ್ಕೆ ಹಿತ್ತಲಲ್ಲಿ ಹೂಳುತ್ತೇನೆ. ಫಸಲೇನೂ ದೊಡ್ಡದಾಗಿ ಬರುವುದಿಲ್ಲ, ಎಲೆ ಬಿಟ್ಟದ್ದು ನೋಡಲು ಚೆಂದ. ಅಟ್ಟದ ಮೇಲೆ ಡಬ್ಬಗಳು ಸಾಲಾಗಿ ಕೂತಿವೆ: ಒಂದು ತಂಗಿ ಮನೆಗೆ, ಒಂದು ಬೆಂಗಳೂರಲ್ಲಿ ಓದುವ ಹುಡುಗರ ರೂಮಿಗೆ, ಉಪ್ಪು ಕಡಿಮೆ ಹಾಕಿದ್ದು ಬಿಪಿ ಇರುವ ನಮ್ಮ ಮಾವನವರಿಗೆ. ಈ ಸಲ ಸಬ್ಬಕ್ಕಿ ಸಂಡಿಗೆಯನ್ನು ಎರಡು ಡಬ್ಬ ಹೆಚ್ಚಿಗೆ ಇಟ್ಟಿದ್ದೇನೆ, ನಾದಿನಿ ಮಗಳ ಸೀಮಂತ ಶ್ರಾವಣಕ್ಕಿದೆ.